ಟ್ರಿನಿಡಾಡಿನವರು ಉಳಿಸಿಕೊಟ್ಟ ಮೈದಾನ

ಕಾಲೇಜಿನ ಮೂರು ವರ್ಷ ನನ್ನನ್ನು ಗೆಳತಿಯರು ಹೆಸರು ಹಿಡಿದು ಕರೆದದ್ದು ಕಡಿಮೆ. ನಾನು ಡಬ್ಲ್ಯೂಡಿ, ಅಂದರೆ ವಿಂಗ್ ಡಿಫೆನ್ಸ್. ನೆಟ್‌ಬಾಲ್ ಆಟದಲ್ಲಿ ಏಳು ಜನರೂ ಎದೆಯ ಮೇಲೆ ಇಂಗ್ಲಿಷ್ ಅಕ್ಷರ ಕಟ್ಟಿಕೊಂಡು ಆಡಬೇಕು. ಅಂಗಳಕ್ಕೆ ಅಡ್ಡ ಗೆರೆ ಎಳೆದು ಮೂರು ಪಾಲು ಮಾಡಿರುತ್ತಾರೆ. ಯಾವ ಅಕ್ಷರದವಳು ಯಾವ ಪಾಲಿನಲ್ಲಿ ಓಡಾಡಬಹುದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಗೆರೆ ದಾಟಿದರೆ ಆಫ್‌ಸೈಡ್, ಸೀಟಿ. ಡಬ್ಲ್ಯೂಡಿಗೆ ಗೋಲು ಹೊಡೆಯುವ ಹಕ್ಕಿಲ್ಲ. ಗೋಲಿನ ಕಂಬಕ್ಕೆ ಕೂಡಿಸಿದ ರಿಂಗಿನ ಮುಂದಿನ ಅರ್ಧವೃತ್ತದೊಳಗೆ ಕಾಲಿಡುವ ಹಕ್ಕೂ ಇಲ್ಲ. ಜನರ ಕಣ್ಣಿಗೆ ಬೀಳುವುದೆಂದರೆ ಮುದುಡಿಕೊಳ್ಳುತ್ತಿದ್ದ ನನಗೆ ಇದಕ್ಕಿಂತ ಒಪ್ಪುವ ಜಾಗ ಆ ಕಾಲೇಜಿನಲ್ಲಿ ಬೇರೆ ಇರಲಿಲ್ಲ.

ಗೋಲು ಹೊಡೆಯುವವಳು ಜಿಎಸ್, ಅಂದರೆ ಗೋಲ್ ಶೂಟರ್. ವಡ್ಡು ಗ್ರಾಮದ ಹುಡುಗಿ, ನಮ್ಮೆಲ್ಲರಿಗಿಂತ ಒಂದು ಗೇಣು ಎತ್ತರ. ಅವಳ ಅಪ್ಪ ಅದಿರಿನ ಲಾರಿ ಓಡಿಸುತ್ತಿದ್ದರು.

ಅದು ಗಣಿ ಜೋರಾಗಿದ್ದ ಕಾಲ. ಹೊಸಪೇಟೆಯಲ್ಲಿ ಖಾಲಿ ಜಾಗ ಎಂದರೆ ಇನ್ನೂ ಲಾರಿ ನಿಲ್ಲಿಸದ ಜಾಗ ಎಂದಷ್ಟೇ ಅರ್ಥ. ಮದುವೆ ಮಂಟಪದ ಮುಂದೆ ಲಾರಿ, ಗದ್ದೆಯಲ್ಲಿ ಲಾರಿ, ದವಾಖಾನೆಯ ಕಾಂಪೌಂಡಿಗೆ ಒರಗಿಕೊಂಡು ಲಾರಿ. ಅದಿರಿನ ಧೂಳಿಗೆ ಬಿಳಿ ಸಮವಸ್ತ್ರ ಎರಡನೇ ಒಗೆತಕ್ಕೇ ಇಟ್ಟಂಗಿಯ ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಕಾಲೇಜಿನ ಹಿಂದೆ ಮಾತ್ರ ಒಂದು ದೊಡ್ಡ ಮೈದಾನ ಹೇಗೋ ಉಳಿದುಕೊಂಡಿತ್ತು.

ಅದರ ಒಡತಿಯಂತೆ ಇದ್ದವರು ದೈಹಿಕ ಶಿಕ್ಷಣದ ಮೇಡಂ. ದಿನಾ ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೊರಳಲ್ಲಿ ತಾಳಿಯ ಜೊತೆಗೇ ಸೀಟಿ. ಅವರ ಕಬ್ಬಿಣದ ಬೀರುವಿನ ಬಾಗಿಲ ಒಳಬದಿಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಹಳೆಯ ಚಿತ್ರ ಅಂಟಿಸಿತ್ತು: ಟ್ರಿನಿಡಾಡ್ ಮತ್ತು ಟೊಬ್ಯಾಗೊ ದೇಶದ ಮಹಿಳಾ ನೆಟ್‌ಬಾಲ್ ತಂಡ. ಆಯುಧಪೂಜೆಯ ದಿನ ಚೆಂಡಿಗೆ, ಸೀಟಿಗೆ, ಗಾಳಿ ತುಂಬುವ ಪಂಪಿಗೆ ಹಚ್ಚಿದ ಕುಂಕುಮವನ್ನೇ ಆ ಚಿತ್ರಕ್ಕೂ ಹಚ್ಚುತ್ತಿದ್ದರು. ವರ್ಷವರ್ಷದ ಕುಂಕುಮ ಸೇರಿ ಆ ಏಳೂ ಜನ ಮುತ್ತೈದೆಯರಾಗಿದ್ದರು.

ಸಂಜೆ ಪ್ರಾಕ್ಟೀಸು ಮುಗಿದ ಮೇಲೆ ಅವರ ಕಥೆ. ನಮ್ಮ ಜಿಲ್ಲೆಗಿಂತ ಸಣ್ಣ ದೇಶ, ಎರಡೇ ದ್ವೀಪ. ಎಪ್ಪತ್ತರ ದಶಕದ ಕೊನೆಗೆ ವಿಶ್ವ ಪಂದ್ಯಾವಳಿ ಅವರ ಊರಲ್ಲೇ ನಡೆಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಟ್ರಿನಿಡಾಡ್ ಮೂವರೂ ಸಮಸಮ. ಮೂವರೂ ವಿಶ್ವ ಚಾಂಪಿಯನ್. ಎಂಟು ವರ್ಷದ ನಂತರ ಆಸ್ಟ್ರೇಲಿಯಾದ ಜೊತೆ ಎರಡನೇ ಸ್ಥಾನ, ಅದೂ ಹಂಚಿಕೊಂಡದ್ದೇ. ಆಮೇಲೆ ಆ ತಂಡ ಮೊದಲಿನಂತೆ ಆಡಲಿಲ್ಲ. ಈ ಭಾಗ ಬಂದಾಗ ಮೇಡಂಗೆ ಸರಿಯಾಗಿ ಬಸ್ಸಿನ ನೆನಪಾಗುತ್ತಿತ್ತು.

“ಏನ್ ಮೇಡಂ, ನಿಮ್ಮವರು ಒಂದ್ಸಲಾನೂ ಪೂರಾ ಗೆದ್ದೇ ಇಲ್ಲಲ್ರಿ,” ಎಂದು ಜಿಎಸ್ ಕೆಣಕುತ್ತಿದ್ದಳು. “ಎಲ್ಲಾ ಪಾಲುದಾರಿಕಿ ಮ್ಯಾಲ.”

“ಮೊದ್ಲು ರಿಂಗಿನಾಗ ಚೆಂಡ್ ಹಾಕಲೇ,” ಎನ್ನುತ್ತಿದ್ದರು ಮೇಡಂ.

ಆ ವರ್ಷ ಒಬ್ಬ ಕಂಟ್ರಾಕ್ಟರ್ ಮೈದಾನವನ್ನು ಲಾರಿ ನಿಲ್ಲಿಸಲು ಬಾಡಿಗೆಗೆ ಕೇಳಿದ. ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆಸಿದರು. ಅಟೆಂಡೆನ್ಸ್ ವಿಷಯ ಕೇಳಲು ಹೋಗಿದ್ದ ನಾನು ಬಾಗಿಲ ಬಳಿ ನಿಂತಿದ್ದೆ.

“ಏನ್ ಆಟ ರಿ ಇದು? ಬಾಸ್ಕೆಟ್‌ಬಾಲ್ ಅನ್ನೋಣಂದ್ರ ಹಲಗಿ ಇಲ್ಲ. ಕಿಡಕ್ಯಾಗಿಂದ ನೋಡಿದ್ರ ಹುಡುಗ್ಯಾರು ಚೆಂಡ್ ಹಿಡಕೊಂಡು ಸುಮ್ನ ನಿಂತಿರ್ತಾರ.”

“ಚೆಂಡ್ ಹಿಡಕೊಂಡು ಓಡಂಗಿಲ್ರಿ ಸರ್. ರೂಲು.”

“ಓಡದ ಆಟಕ್ಕ ಅಷ್ಟು ದೊಡ್ಡ ಗ್ರೌಂಡ್ ಯಾಕ್ ಬೇಕ್ರಿ?”

ಮೇಡಂ ಟ್ರಿನಿಡಾಡಿನ ಕಥೆ ಎತ್ತಿದರು. ಪ್ರಿನ್ಸಿಪಾಲರ ಮುಖ ಅರಳಿತು. “ವೆಸ್ಟ್ ಇಂಡೀಸ್ ಏನ್ರಿ? ಅವರ ಫಾಸ್ಟ್ ಬೌಲಿಂಗ್ ನನಗೂ ಭಾಳ ಇಷ್ಟ!”

“ಅದು ಗಂಡಸರದ್ರಿ ಸರ್. ಅವರು ಎಲ್ಲಾ ದ್ವೀಪ ಸೇರಿ ಒಂದು ಟೀಮ್ ಮಾಡ್ತಾರ. ಹೆಣ್ಮಕ್ಳು ನೆಟ್‌ಬಾಲ್‌ನಾಗ ದೇಶಕ್ಕ ಒಂದೊಂದು ಟೀಮ್ ಕಟ್ಯಾರ.”

ಪ್ರಿನ್ಸಿಪಾಲರು ಹೇಳಿದರು, “ಈ ಸಲ ಕಾಲೇಜುಗಳ ನೆಟ್‌ಬಾಲ್ ಕಪ್ ಬಂದು ನನ್ನ ರೂಮಿನಾಗ ಕುಂತ್ರ ಗ್ರೌಂಡ್ ನಿಮ್ದು. ಇಲ್ಲಾಂದ್ರ ಲಾರಿದು. ನಂದು ಒಂದೇ ಮಾತು.”

ನಾನು ಮೈದಾನಕ್ಕೆ ಬಂದು ವಿಷಯ ಹೇಳಿದಾಗ ಜಿಎಸ್ ತಲೆಯ ಮೇಲೆ ಕೈಯಿಟ್ಟಳು. “ನಮ್ಮಪ್ಪ ಪಾರ್ಕಿಂಗ್ ಇಲ್ಲ ಪಾರ್ಕಿಂಗ್ ಇಲ್ಲ ಅಂತ ದಿನಾ ಬಡ್ಕೋತಾನ. ನಾ ಗೆದ್ರ ಅವನಿಗೆ ಜಾಗ ಇಲ್ಲ, ಸೋತ್ರ ನನಗ ಇಲ್ಲ. ನಮ್ಮನ್ಯಾಗ ಊಟಕ್ಕ ಕುಂದ್ರೋದು ಹೆಂಗಲೇ?”

ಪಂದ್ಯಾವಳಿ ನಮ್ಮಲ್ಲೇ. ಹೊಸಪೇಟೆ, ಸಂಡೂರು, ಕಂಪ್ಲಿ, ಮೂರು ಕಾಲೇಜು. ಹಳೆಯ ಕಂಬಗಳು ತುಕ್ಕು ತಿಂದಿದ್ದವು. ಹೊಸ ಕಂಬ ಮಾಡಿಕೊಟ್ಟದ್ದು ಲಾರಿಯ ಬಾಡಿ ಕಟ್ಟುವ ಗ್ಯಾರೇಜಿನವರು. ಅವರಿಗೆ ಗೊತ್ತಿದ್ದದ್ದು ಲಾರಿ, ಹಾಗಾಗಿ ಕಂಬಗಳನ್ನೂ ಲಾರಿಯ ಹಾಗೆಯೇ ಸಿಂಗರಿಸಿದ್ದರು. ಬುಡಕ್ಕೆ ಕಾಂಕ್ರೀಟು ತುಂಬಿದ ಚಕ್ರದ ಡಿಸ್ಕು, ಮೈತುಂಬ ಹಳದಿ-ಕಪ್ಪು ಪಟ್ಟಿ, ನಡುವೆ ಎರಡು ತಾವರೆ. ದೃಷ್ಟಿಯಾಗದಿರಲಿ ಎಂದು ರಿಂಗಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು. ಮೇಡಂ ನೋಡಿ, “ಪುಣ್ಯಕ್ಕ ಹಾರನ್ ಕೂಡಿಸಿಲ್ಲ,” ಎಂದರು. ಬಳ್ಳಾರಿಯಿಂದ ಬಂದಿದ್ದ ಅಂಪೈರ್ ಮಾತ್ರ ನಿಂಬೆಹಣ್ಣು ಬಿಚ್ಚದೆ ಆಟ ಶುರು ಮಾಡುವುದಿಲ್ಲ ಎಂದು ಪಟ್ಟು ಹಿಡಿದರು. ಬಿಚ್ಚಿದೆವು.

ಬೆಳಿಗ್ಗೆ ನಾವು ಕಂಪ್ಲಿಯವರನ್ನು ಒಂದು ಗೋಲಿನಿಂದ ಸೋಲಿಸಿದೆವು. ಮಧ್ಯಾಹ್ನ ಕಂಪ್ಲಿಯವರು ಸಂಡೂರಿನವರನ್ನು ಒಂದೇ ಗೋಲಿನಿಂದ ಸೋಲಿಸಿದರು. ಸಂಜೆ ನಮಗೂ ಸಂಡೂರಿಗೂ ಪಂದ್ಯ. ಸೋಲದಿದ್ದರೆ ಸಾಕು, ಕಪ್ ನಮ್ಮದು. ಕೊನೆಯ ನಿಮಿಷಕ್ಕೆ ಅವರು ಒಂದು ಗೋಲು ಮುಂದಿದ್ದರು. ಚೆಂಡು ನನ್ನ ಕೈಗೆ ಬಂತು, ನಾನು ಸೆಂಟರಿಗೆ ಕೊಟ್ಟೆ, ಅವಳು ಜಿಎಸ್‌ಗೆ ಕೊಟ್ಟಳು. ಅಲ್ಲಿಗೆ ನನ್ನ ಕೆಲಸ ಮುಗಿದು, ನನ್ನ ಗೆರೆಯ ಹಿಂದೆ ನಿಂತು ನೋಡಿದೆ. ಜಿಎಸ್ ಎತ್ತಿದ ಚೆಂಡು ರಿಂಗಿನ ಅಂಚಿನ ಮೇಲೆ ಭಕ್ತಿಯಿಂದ ಒಂದು ಪ್ರದಕ್ಷಿಣೆ ಹಾಕಿ, ಹೊರಗೆ ಬಿತ್ತು. ಸೀಟಿ.

“ನಿಂಬಿಹಣ್ಣು ಬಿಚ್ಚಿದ್ದೇ ತಪ್ಪಾತು,” ಎಂದಳು ಜಿಎಸ್, ಅಳುತ್ತ.

ಮೂರೂ ತಂಡಕ್ಕೆ ಒಂದು ಗೆಲುವು, ಒಂದು ಸೋಲು, ಅಂತರವೂ ಒಂದೊಂದೇ. ಇನ್ನೊಮ್ಮೆ ಆಡಿಸೋಣವೆಂದರೆ ಬೆಳಕು ಇಳಿಯುತ್ತಿತ್ತು. ಕತ್ತಲಾದರೆ ಸಂಡೂರಿನ ದಾರಿಯಲ್ಲಿ ಲಾರಿಗಳ ಸಾಲು ಬಸ್ಸನ್ನು ಬಿಡುವುದಿಲ್ಲ. ಕಪ್ ಕೊಡಿಸಿದ್ದ ಗಣಿ ಧಣಿಗೂ ಮುಂದೆ ಎರಡು ಸಮಾರಂಭಗಳಿದ್ದವು. ಬಿಳಿ ಬಟ್ಟೆ, ಬಿಳಿ ಬೂಟು. ನಮ್ಮ ಧೂಳಿನಲ್ಲಿ ಅವರು ಕಾಲಿಡಲು ಜಾಗ ಹುಡುಕುತ್ತಿದ್ದರು. ಕಪ್ಪಂತೂ ನೀರಿನ ಕೊಡದಷ್ಟು ದೊಡ್ಡದಿತ್ತು.

“ಜಲ್ದಿ ಮುಗಸ್ರಿ. ಟಾಸ್ ಹಾಕ್ರಿ.”

“ಮೂರು ಟೀಮ್ ಅದಾವ್ರಿ ಧಣಿ,” ಎಂದರು ಪ್ರಿನ್ಸಿಪಾಲರು.

“ಹಂಗಾದ್ರ ಎರಡು ಸಲ ಹಾಕ್ರಿ.” ತಮಗೇ ಅದು ಸರಿ ಕಾಣದೆ, ಸ್ವಲ್ಪ ಯೋಚಿಸಿ, “ಬಿಡ್ರಿ, ಊಟ ಹಾಕಿದವರು ಇವರು. ಇವರಿಗೇ ಕೊಟ್ಟು ಬಿಡೋಣ,” ಎಂದರು.

ಪ್ರಿನ್ಸಿಪಾಲರ ಕೈ ಆಗಲೇ ಮುಂದೆ ಚಾಚಿತ್ತು. ಸಂಡೂರು, ಕಂಪ್ಲಿಯ ಹುಡುಗಿಯರ ಮುಖ ಸಪ್ಪಗಾಯಿತು. ಆದರೆ ಮಧ್ಯಾಹ್ನ ನಮ್ಮ ರೊಟ್ಟಿ-ಎಣ್ಣೆಗಾಯಿ ಉಂಡಿದ್ದರಿಂದ ಯಾರೂ ಬಾಯಿ ಬಿಡಲಿಲ್ಲ. ಮೈದಾನ ಉಳಿಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

“ಆಗಂಗಿಲ್ರಿ ಧಣಿ,” ಎಂದರು ಮೇಡಂ.

ಜಿಎಸ್ ನನ್ನ ತೋಳು ಚಿವುಟಿದಳು. “ಲೇ, ಮೇಡಂ ಪುರಾಣ ಶುರು ಮಾಡಿದ್ರು. ಹಿಡಕೊಳ್ರಲೇ ಯಾರರ!”

ಯಾರೂ ಹಿಡಿಯಲಿಲ್ಲ. ಮೇಡಂ ಸೀಟಿಯನ್ನು ಬಿಗಿಯಾಗಿ ಹಿಡಿದು ಪೂರ್ತಿ ಕಥೆ ಹೇಳಿದರು. “ಅವತ್ತು ಆಟ ನಡೆದದ್ದು ಟ್ರಿನಿಡಾಡಿನಾಗ್ರಿ. ಅವರೂ ಮನಿಯವರೇ, ನಮ್ಮಂಗ. ನಾವು ಊಟ ಹಾಕೀವಿ, ಕಪ್ ನಮಗ ಕೊಡ್ರಿ ಅನ್ನಲಿಲ್ಲ. ಮೂವರೂ ಚಾಂಪಿಯನ್ ಅಂದ್ರು. ನಾವು ಹಂಗ ತಗೊಂಡ್ರ ನಾಳೆ ಆ ಬೀರು ತೆಗ್ಯಾಕ ನನಗ ಮುಖ ಇರಂಗಿಲ್ಲ.”

ಯಾವ ಬೀರು ಎಂದು ಧಣಿಗೆ ತಿಳಿಯಲಿಲ್ಲ. ಆದರೆ ವ್ಯವಹಾರದ ಮನುಷ್ಯ, ಮುಖ್ಯ ಪ್ರಶ್ನೆಯನ್ನೇ ಕೇಳಿದರು. “ಆತು. ಆ ಕಪ್ ಈಗ ಯಾರ ಮನ್ಯಾಗ ಐತಿ?”

ಮೇಡಂ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಅಷ್ಟು ಸಲ ಆ ಕಥೆ ಕೇಳಿದ್ದ ನಮಗೂ ಈ ಪ್ರಶ್ನೆ ಹೊಳೆದಿರಲಿಲ್ಲ.

“ಪಾಳಿ ಮ್ಯಾಲ ಇಟ್ಕೊಂಡಾರ್ರಿ,” ಎಂದರು ಕೊನೆಗೆ.

“ಪಾಳಿ ಅಂದ್ರ? ಕಾಲುವಿ ನೀರಿನ ಪಾಳಿ ಇದ್ದಂಗ?”

“ಹೌದ್ರಿ. ಇಷ್ಟು ದಿನ ಇವರ ಹೊಲಕ್ಕ, ಇಷ್ಟು ದಿನ ಅವರ ಹೊಲಕ್ಕ. ಹಂಗ.”

ಧಣಿಗೆ ಕಂಪ್ಲಿಯ ಕಡೆ ಭತ್ತದ ಗದ್ದೆಗಳಿದ್ದವು. ನೀರಿನ ಪಾಳಿ ಎಂದದ್ದೇ ಎಲ್ಲವೂ ಅರ್ಥವಾಯಿತು. “ಹಂಗ ಮೊದ್ಲೇ ಹೇಳಬಾರದೇನ್ರಿ!” ಎಂದು ಕಪ್ಪನ್ನು ಮೂರೂ ಕ್ಯಾಪ್ಟನ್‌ಗಳ ಕೈಗೆ ಒಟ್ಟಿಗೆ ಕೊಟ್ಟು, ವರ್ಷದಲ್ಲಿ ನಾಲ್ಕು ತಿಂಗಳು ಒಬ್ಬೊಬ್ಬರದು, ದೂರದವರಿಗೆ ಮೊದಲ ಪಾಳಿ ಎಂದು ಹೇಳಿ ಹೊರಟರು. ಟ್ರಿನಿಡಾಡಿನಲ್ಲಿ ನಿಜಕ್ಕೂ ಪಾಳಿ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕಪ್ ಸಂಡೂರಿನ ಬಸ್ಸಿನಲ್ಲಿ ಹೋಯಿತು.

ಮರುದಿನ ಮೇಡಂ ನಮ್ಮ ಕ್ಯಾಪ್ಟನ್‌ನನ್ನೂ, ಮಾತಾಡುವುದಿಲ್ಲ ಎಂಬ ಭರವಸೆಯ ಮೇಲೆ ನನ್ನನ್ನೂ ಕರೆದುಕೊಂಡು ಪ್ರಿನ್ಸಿಪಾಲರ ರೂಮಿಗೆ ಹೋದರು. ಪ್ರಿನ್ಸಿಪಾಲರು ಮೇಜಿನ ಮೇಲೆ ಕಪ್ಪಿಗೆಂದು ತೆರವು ಮಾಡಿಟ್ಟಿದ್ದ ಜಾಗವನ್ನೇ ನೋಡುತ್ತಿದ್ದರು.

“ನಂದು ಒಂದೇ ಮಾತು ಅಂದಿದ್ದೆ. ಕಪ್ ಪೂರಾ ಬಂದಿಲ್ಲ. ಬಂದೇ ಇಲ್ಲ ಅಂತನೂ ಅನ್ನಂಗಿಲ್ಲ. ವರ್ಷದಾಗ ಮೂರನೇ ಒಂದು ಪಾಲು ನನ್ನ ರೂಮಿನಾಗ ಕುಂದರ್ತತಿ. ಅದಕ್ಕ ಗ್ರೌಂಡೂ ಮೂರನೇ ಒಂದು ಪಾಲು ನಿಮ್ದು. ಉಳಿದದ್ದು ಲಾರಿದು.”

ಮೇಡಂ ತಲೆ ತಗ್ಗಿಸಿ ನಿಂತರು. “ಭಾಳ ಕಮ್ಮಿ ಆತ್ರಿ ಸರ್,” ಎಂದು ಸಣ್ಣ ದನಿಯಲ್ಲಿ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ನಮ್ಮನ್ನು ಹೊರಡಿಸಿಕೊಂಡು ಬಂದರು. ಕಾರಿಡಾರಿನ ತಿರುವು ದಾಟಿದ ಮೇಲೆ ಬ್ಯಾಗಿನಿಂದ ಅಳತೆ ಟೇಪು ತೆಗೆದರು.

“ನೆಟ್‌ಬಾಲ್‌ಗೆ ಅಷ್ಟು ಸಾಕಲೇ! ಇನ್ನೂ ಜಾಗ ಉಳೀತೈತಿ. ಬರ್ರಿ ಜಲ್ದಿ, ಅವರ ಮನಸ್ಸು ತಿರುಗೋದ್ರಾಗ ಸುಣ್ಣ ಹಾಕೋಣ.”

ಲಾರಿಗಳು ಬಂದವು. ನಡುವೆ ನಮ್ಮ ಸುಣ್ಣದ ಗೆರೆ. ಸಂಜೆ ಚಾಲಕರು ಬಾನೆಟ್ಟಿನ ಮೇಲೆ ಕುಳಿತು ಆಟ ನೋಡುತ್ತಿದ್ದರು. ಗೋಲಾದರೆ ಐದಾರು ಹಾರನ್ ಒಟ್ಟಿಗೆ ಕೂಗುತ್ತಿದ್ದವು. ಮೊದಲ ವಾರವೇ ಒಂದು ಲಾರಿ ಹಿಂದಕ್ಕೆ ಬರುತ್ತ ಬರುತ್ತ, ಹಿಂಗಾಲಿ ಗೆರೆ ದಾಟಿ ನಮ್ಮ ಕಡೆ ಬಂತು. ಮೇಡಂ ಓಡಿ ಹೋಗಿ ಕಿವಿ ಗಡಚಿಕ್ಕುವಂತೆ ಸೀಟಿ ಊದಿದರು.

“ಆಫ್‌ಸೈಡ್! ಮುಂದ ತಗೊಳ್ರಿ!”

ಕಿಟಕಿಯಿಂದ ತಲೆ ಹೊರಗೆ ಹಾಕಿದ ಚಾಲಕರು ಎರಡು ಕೈಯೂ ಮೇಲೆತ್ತಿ, “ತಪ್ಪಾತ್ರಿ ಅಂಪೈರಮ್ಮಾರ,” ಎಂದು ಲಾರಿಯನ್ನು ಗೆರೆಯ ಆಚೆ ಒಯ್ದರು.

ಜಿಎಸ್ ಚೆಂಡಿನ ಹಿಂದೆ ಮುಖ ಮುಚ್ಚಿಕೊಂಡಿದ್ದಳು. “ನೋಡಬ್ಯಾಡಲೇ,” ಎಂದಳು ನನಗೆ. “ನಮ್ಮಪ್ಪ.”