ಹಗ್ಗ ಕಟ್ಟಿಕೊಂಡು ಬಂದ ಕಾರು

ಶಂಶಾಬಾದಿನಲ್ಲಿ ವಿಮಾನ ನಿಲ್ದಾಣ ಶುರುವಾದ ಹೊಸದರಲ್ಲಿ, ಅಲ್ಲಿಗೆ ಸಾಮಾನು ಸಾಗಿಸಲು ನಾನೊಂದು ಪಿಕಪ್ ಕೊಂಡೆ. ಕೀಲಿ ತಿರುಗಿಸಿದರೆ ಸಾಕು, ಹೊರಟುಬಿಡುತ್ತಿತ್ತು. ಅಪ್ಪನ ಕಾರು ನನಗಿಂತ ಹಿರಿಯದು. ಹ್ಯಾಂಡಲ್ ಹಾಕಿ ತಿರುವುತ್ತ, ‘ಏಳವ್ವಾ, ಏಳು’ ಎಂದು ಬೇಡಿಕೊಂಡರೆ ಮಾತ್ರ ಏಳುತ್ತಿತ್ತು.

ಒಂದು ದಿನ ಅದು ಕೋಠಿ ಬಜಾರಿನಲ್ಲಿ ಕೆಟ್ಟು ನಿಂತಿತು. ಪಿಕಪ್ಪಿಗೆ ಹಗ್ಗ ಕಟ್ಟಿ ನಾನೇ ಎಳೆದು ತಂದೆ. ಯಾವುದು ಮೇಲು ಎಂಬ ನಮ್ಮಿಬ್ಬರ ವಾದ ನನ್ನ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು. ಹಿಂದೆ ಕಾರಿನ ಸ್ಟೇರಿಂಗ್ ಹಿಡಿದು ಕೂತ ಅಪ್ಪ ಮಾತ್ರ ದಾರಿಯುದ್ದಕ್ಕೂ ಹಾರ್ನ್ ಹೊಡೆಯುತ್ತಲೇ ಇದ್ದರು.

ಅಬಿಡ್ಸ್ ಸಿಗ್ನಲ್ಲಿನಲ್ಲಿ ಅವರ ಆಫೀಸಿನ ಗೆಳೆಯರೊಬ್ಬರು, ಧಾರವಾಡದ ಕಡೆಯವರು, ಎದುರಾದರು.

‘ಏನ್ರೀ, ಗಾಡಿ ಕೆಟ್ಟೈತೇನ್ರಿ?’

ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: ‘ಛೇ, ಇಲ್ರೀ! ಮುಂದಿಂದು ಹೊಸ ಹೋರಿ. ಹಾದಿ ಕಲೀಲಿ ಅಂತ ಹಳೇ ಎತ್ತಿನ ಜೋಡಿ ಕಟ್ಟೇನಿ.’