ಆನೆಯಿಲ್ಲದ ಸಿನಿಮಾ

ನಮ್ಮ ಯಜಮಾನರು ಮಹದೇವಸ್ವಾಮಿ ಹಂಗಳದ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಕ್ಯಾನಿನ ಮುಚ್ಚಳ ತೆಗೆಯುತ್ತಿದ್ದ ಹಾಗೇ ನೀರು ಬಿದ್ದಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಹೆಣ್ಣು ಕೊಟ್ಟ ಮಾವ, ಅಂದರೆ ನಮ್ಮಪ್ಪ, ತಂದ ಹಾಲನ್ನೇ ಊರವರ ಮುಂದೆ ವಾಪಸ್ ಕಳಿಸಿದ ಗಂಡಸು. ಅದಕ್ಕೆ ನಾನು ಒಂದು ವಾರ ಮಾತು ಬಿಟ್ಟಿದ್ದೆ. ಅಂಥವರು ಒಂದು ಹುಡುಗಿಗೆ ಒಂದು ಸಿನಿಮಾ ಆರಿಸಲಾಗದೆ ಸೋತು ಕೂತದ್ದನ್ನು ಈ ಕಣ್ಣಲ್ಲೇ ನೋಡಿದೆ.

ಹುಡುಗಿ ಎಂದರೆ ಶಿವರಂಜಿನಿ, ನನ್ನ ಮೈದುನ ಶಾಂತರಾಜುವಿನ ಮಗಳು. ಹನ್ನೊಂದು ವರ್ಷ, ಆರನೇ ಕ್ಲಾಸು. ಹೋದ ವರ್ಷ ಜೋಳದ ಹೊಲ ಕಾಯಲು ಹೋದ ಶಾಂತರಾಜುವನ್ನು ಕಾಡಾನೆ ತುಳಿದು ಹಾಕಿತು. ಮನೆಗೆ ತಂದಾಗ ಹೇಗಿದ್ದ ಎಂದು ಮಾತ್ರ ನನ್ನನ್ನು ಕೇಳಬೇಡಿ. ಅವನ ಹೆಂಡತಿ, ನನ್ನ ಓರಗಿತ್ತಿ, ಈಗ ಬಂಡೀಪುರದ ದಾರಿಯಲ್ಲಿರುವ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ದುಡಿಯುತ್ತಾಳೆ. ಆನೆ ನೋಡಲು ಕಾರಿನಲ್ಲಿ ಬಂದವರಿಗೆ ಚಪಾತಿ ಲಟ್ಟಿಸುತ್ತಾಳೆ. ಹಣೆಬರಹ, ಇನ್ನೇನು ಹೇಳಲಿ? ಭಾನುವಾರ ಅಲ್ಲಿ ರಜೆ ಕೊಡುವುದಿಲ್ಲ, ಹಾಗಾಗಿ ಅವತ್ತು ಮಗಳನ್ನು ನಮ್ಮ ಮನೆಗೆ ಬಿಟ್ಟು ಹೋಗುತ್ತಾಳೆ.

ಆ ಮಗು ಅತ್ತು ರಂಪ ಮಾಡಿದ್ದರೆ ಸಮಾಧಾನವನ್ನಾದರೂ ಮಾಡಬಹುದಿತ್ತು. ಅಳಲಿಲ್ಲ. ನಗುವುದನ್ನೂ ಬಿಟ್ಟುಬಿಟ್ಟಳು. ಕೊಟ್ಟದ್ದು ತಿನ್ನುತ್ತಿದ್ದಳು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು. ಶಾಲೆಯ ಟೀಚರಮ್ಮ ಇವರನ್ನು ಕರೆಸಿ, "ನಗೋದೇ ಇಲ್ಲ ಸರ್ ಈ ಹುಡುಗಿ. ಮನೇಲಿ ಎಲ್ಲರೂ ಜೊತೇಲಿ ಕೂತು ಒಳ್ಳೆ ಸಿನಿಮಾ ಏನಾದರೂ ನೋಡಿ," ಎಂದರಂತೆ. ಅಷ್ಟೇ, ಡಾಕ್ಟರು ಚೀಟಿ ಬರೆದುಕೊಟ್ಟ ಹಾಗೆ ಹಿಡಿದುಕೊಂಡರು ನಮ್ಮವರು. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಸಿನಿಮಾ. ಹೇಗಾದರೂ ಮಾಡಿ ಅವಳು ಒಂದು ಸಲ ನಗಬೇಕು.

ಮೊದಲನೇ ವಾರ ಭಾರಿ ಕಾಮಿಡಿ ಅಂತ ಒಂದನ್ನು ಹಾಕಿದರು. ನಾನು, ಇವರು, ಶಿವರಂಜಿನಿ, ನಮ್ಮ ಮಗಳು ಶೃತಿ, ನಾಲ್ಕೂ ಜನ ಚಾಪೆ ಮೇಲೆ. ಹತ್ತು ನಿಮಿಷಕ್ಕೆ ಶುರುವಾಯಿತು ನೋಡಿ, ಬಾಟಲಿ, ಪೋಲಿ ಮಾತು, ಅರೆಬಟ್ಟೆಯ ಕುಣಿತ. ಇವರು ದಡಕ್ಕನೆ ಎದ್ದು ಎರಡೂ ಕೈಯಲ್ಲಿ ಪಂಚೆ ಅಗಲಿಸಿಕೊಂಡು ಟಿವಿಗೆ ಅಡ್ಡ ನಿಂತರು. ಶೃತಿಗೆ ಹನ್ನೆರಡು, ಬಾಯಿ ಜೋರು. "ಅಪ್ಪ, ಸೌಂಡು ಕೇಳುಸ್ತಾನೇ ಅದೆ," ಎಂದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಶಿವರಂಜಿನಿ ಗೋಡೆ ನೋಡುತ್ತಾ ಕೂತಿದ್ದಳು.

ಆಮೇಲಿಂದ ಮೊದಲು ತಾವು ನೋಡಿ ಪಾಸು ಮಾಡದೆ ಯಾವುದನ್ನೂ ಮನೆಗೆ ತರುವುದಿಲ್ಲ ಎಂದು ಹಟ ಹಿಡಿದರು. ಬೆಳಗಿನ ಹಾಲು ಹೋದಮೇಲೆ ಸಂಜೆಯ ಹಾಲು ಬರುವ ತನಕ, ಡೇರಿಯಲ್ಲಿ ಒಬ್ಬರೇ ಮೊಬೈಲು ಹಿಡಿದು ಕೂರುವುದು. ಕುಡಿತ ಇದ್ದರೆ ಬೇಡ, ಮುತ್ತು ಕೊಟ್ಟರೆ ಬೇಡ, ಮಚ್ಚು ಬೀಸಿದರೆ ಬೇಡ. ಅಷ್ಟೆಲ್ಲ ಸೋಸಿ ಉಳಿದ ಒಂದೆರಡರಲ್ಲೂ ಅಪ್ಪ ಸಾಯುತ್ತಿದ್ದ. ನಮ್ಮ ಸಿನಿಮಾದಲ್ಲಿ ಅಪ್ಪಂದಿರಿಗೆ ಆಯಸ್ಸೇ ಇಲ್ಲ ಕಣ್ರೀ! ಹೆಸರು ತೋರಿಸಿ ಮುಗಿಯುವುದರೊಳಗೆ ಹೆಣ ಬಿದ್ದಿರುತ್ತದೆ. ಇವರು ಸಂಜೆ ಮುಖ ಜೋಲು ಹಾಕಿಕೊಂಡು ಬಂದು, "ಇದ್ರಲ್ಲೂ ಸತ್ತೋದ ಕಣಮ್ಮಿ," ಅನ್ನುತ್ತಿದ್ದರು ನನ್ನ ಹತ್ತಿರ.

ಮಕ್ಕಳ ಕಾರ್ಟೂನೇ ಸರಿ ಎಂದುಕೊಂಡು ಒಂದು ಭಾನುವಾರ ಅದನ್ನೇ ಹಾಕಿದೆವು. ಆ ವಾರ ಇವರಿಗೆ ಅದನ್ನು ಮೊದಲೇ ಪೂರ್ತಿ ನೋಡಲು ಪುರುಸೊತ್ತಾಗಿರಲಿಲ್ಲ. ಮೊಲ ಬಂತು, ನರಿ ಬಂತು, ಹಾಡು ಬಂತು. ಹಿಂದೆಯೇ ಆನೆಯ ಹಿಂಡು ಬಂದುಬಿಟ್ಟಿತು. ಇವರು ರಿಮೋಟು ಒತ್ತಿದರು, ಕೇಳಲಿಲ್ಲ. ತೊಡೆಗೆ ಬಡಿದು ಒತ್ತಿದರು, ಆಗಲೂ ಇಲ್ಲ. ಕೊನೆಗೆ ಗೋಡೆಯ ಪ್ಲಗ್ಗನ್ನೇ ಕಿತ್ತು ಹಾಕಿದರು.

"ಅಪ್ಪ, ಯಾವ್ ಸಿನಿಮಾನ ಎಷ್ಟು ವಯಸ್ಸಿನೋರು ನೋಡ್ಬೋದು ಅಂತ ಅದ್ರಲ್ಲೇ ಹಾಕಿರ್ತಾರೆ," ಎಂದಳು ಶೃತಿ ಮೆಲ್ಲಗೆ.

"ವಯಸ್ಸು ಹಾಕವ್ರೆ. ಆನೆ ಅದೋ ಇಲ್ವೋ ಅಂತ ಹಾಕವ್ರಾ?" ಎಂದು ರೇಗಿಬಿಟ್ಟರು.

ಕೊನೆಗೆ ನಾನೇ ಗುಂಡ್ಲುಪೇಟೆಗೆ ಎಳೆದುಕೊಂಡು ಹೋದೆ. ಅಲ್ಲಿ ಮೊಬೈಲು ಅಂಗಡಿಯ ಸೋಮಶೇಖರ್ ಸಿನಿಮಾ ವಿಷಯದಲ್ಲಿ ಪಂಡಿತ. ಸಂಸಾರಸ್ಥರು, ಮಕ್ಕಳು ಕೂತು ನೋಡುವಂಥದ್ದು ಹೇಳಪ್ಪ ಎಂದೆ. "ಅಕ್ಕ, ಹೊಸದು ಬಂದದೆ, ಅಪ್ಪಟ ಚಿನ್ನ! ಒಂದು ಹೊಡೆದಾಟ ಇಲ್ಲ, ಒಂದು ಕೆಟ್ಟ ಮಾತಿಲ್ಲ, ಯಾರೂ ಸಾಯಲ್ಲ. ಒಂದು ಆನೆಮರಿ..." ಎಂದವನು ಇವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಇವರು ಅಂಗಡಿ ಇಳಿದು ಬಸ್ ಸ್ಟ್ಯಾಂಡ್ ಕಡೆ ಹೊರಟೇಬಿಟ್ಟರು.

ಮುಂದಿನ ಭಾನುವಾರ ಇವರ ಹತ್ತಿರ ಯಾವ ಸಿನಿಮಾನೂ ಇರಲಿಲ್ಲ. ಊಟ ಮುಗಿಸಿ ಬಂದು ಚಾಪೆ ಮೇಲೆ ಕೂತು, "ನನ್ ಕೈಲಿ ಆಗ್ನಿಲ್ಲ ಕಣ್ರವ್ವ. ನೀವೇ ಹೇಳಿ, ಏನ್ ನೋಡನ?" ಎಂದರು.

ಶೃತಿ ಬಾಯಿ ತೆಗೆಯುವ ಮೊದಲೇ ಶಿವರಂಜಿನಿ ಹೇಳಿದಳು: "ಆನೆಮರಿ ಸಿನಿಮಾ."

ತಟ್ಟೆ ಎತ್ತುತ್ತಿದ್ದ ನಾನು ಬಂದು ಚಾಪೆ ಮೇಲೆ ಕೂತೆ.

"ಇಸ್ಕೂಲಲ್ಲಿ ತೋರ್ಸುದ್ರು ದೊಡ್ಡಪ್ಪ, ಸೋಮವಾರ. ಮರಿ ಕೆಸರಲ್ಲಿ ಜಾರ್ಕಂಡು ಬಿದ್ದೋಯ್ತದೆ. ನಾನು ನಗಾಡ್ಬುಟ್ಟೆ." ತಲೆ ತಗ್ಗಿಸಿ ಚಾಪೆಯ ಎಳೆ ಕೀಳತೊಡಗಿದಳು. "ಎಲ್ರಿಗಿಂತ ಜೋರಾಗಿ ನಗಾಡ್ಬುಟ್ಟೆ. ಅಪ್ಪ ಬೇಜಾರ್ ಮಾಡ್ಕಂಡಿರ್ತಾನ?"

ಯಜಮಾನರು ನನ್ನ ಮುಖ ನೋಡಿದರು. ನನಗೇನು ಗೊತ್ತು, ಸತ್ತವರು ಯಾವುದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ? ಒಂದು ಮಾತು ಮಾತ್ರ ಅವತ್ತು ಗೊತ್ತಾಯಿತು. ಮೂರು ತಿಂಗಳಿಂದ ಇವರು ಆನೆಯನ್ನು ಬಚ್ಚಿಟ್ಟದ್ದು ಮಗುವಿನ ಕಣ್ಣಿಂದ ಮಾತ್ರ ಅಲ್ಲ. ಬೆನ್ನಿಗೆ ಬಿದ್ದ ತಮ್ಮನನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡು ಬಂದವರು ಇವರೇ. ಆನೆ ನೋಡಲಾಗದಿದ್ದದ್ದು ಇವರಿಗೆ.

"ಇಲ್ಲ ಕಣಮ್ಮಿ, ಅವ್ನ್ಯಾಕೆ ಬೇಜಾರ್ ಮಾಡ್ಕತಾನೆ," ಎಂದರು. ಶೃತಿಯ ಕೈಗೆ ಮೊಬೈಲು ಕೊಟ್ಟು, "ಹಾಕವ್ವ ಅದ್ನೇ," ಎಂದರು.

ಸಿನಿಮಾ ಶುರುವಾಯಿತು. ಇವರು ಕದಲಲಿಲ್ಲ. ಮರಿಯಾನೆ ಸೊಂಡಿಲು ಆಡಿಸುತ್ತಾ ಕೆರೆ ಏರಿಯಿಂದ ಇಳಿಯಿತು, ಕೆಸರಿಗೆ ಕಾಲಿಟ್ಟಿತು, ಜಾರಿ ದೊಪ್ಪನೆ ಬಿತ್ತು. ಶಿವರಂಜಿನಿ ತಟ್ಟನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಅದುರುತ್ತಿತ್ತು. ಉಸಿರು ಬಿಗಿಹಿಡಿದು ನಮ್ಮವರನ್ನೇ ನೋಡಿದಳು.

"ನಗು ಕಣಮ್ಮಿ," ಎಂದರು ಇವರು. ಅವಳು ಕೈ ತೆಗೆಯಲಿಲ್ಲ. "ನಗವ್ವ, ಏನೂ ಆಗಲ್ಲ," ಎಂದರು. ಆಗಲೂ ತೆಗೆಯಲಿಲ್ಲ. ಆಗ ಟಿವಿ ಕಡೆ ತಿರುಗಿ ತಾವೇ ಹಹ್ಹಹ್ಹ ಎಂದು ಜೋರಾಗಿ ನಗತೊಡಗಿದರು. ಮರಿ ಎದ್ದು ಹೋಗಿ, ಹಾಡು ಶುರುವಾಗಿ, ಆ ಹಾಡೂ ಮುಗಿಯಿತು. ಇವರು ಕಣ್ಣೊರೆಸಿಕೊಳ್ಳುತ್ತಾ ಇನ್ನೂ ನಗುತ್ತಲೇ ಇದ್ದರು, ಒಬ್ಬರೇ.