ಕೊರ್ನೆಲ್ ಬಲಕ್ಕೆ ತಿರುಗಬೇಕಿತ್ತು

ಐಸ್ ಹಾಕಿ ಆಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹ್ರಾನ್ ನದಿಯ ದಂಡೆಯ ನಮ್ಮೂರಿನಲ್ಲಿ ಮಂಜುಗಡ್ಡೆಯ ಅಂಗಳ ಇರುವುದು ಒಂದೇ. ಹಗಲಿನ ಒಳ್ಳೆಯ ಹೊತ್ತೆಲ್ಲ ಅವರಿಗೆ. ಪುಟ್ಟ ಹೆಣ್ಣುಮಕ್ಕಳಿಗೆ ಮಂಜಿನ ಮೇಲೆ ಕುಣಿಯುವುದನ್ನು ಕಲಿಸುವ ನನಗೆ ಮಾತ್ರ ಕೋಳಿ ಕೂಗುವ ಹೊತ್ತು. ಅಂಗಳ ನಯ ಮಾಡುವ ಯಂತ್ರದವನು ನಮಗೋಸ್ಕರ ಅಷ್ಟು ಬೇಗ ಏಳುತ್ತಿರಲಿಲ್ಲ. ಈ ಕೋಣಗಳು ಸಂಜೆ ಉತ್ತು ಹೋದ ಅಂಗಳದಲ್ಲೇ ನನ್ನ ಮಕ್ಕಳು ಎಡವಿ ಬೀಳಬೇಕಿತ್ತು.

ಹೀಗಿರುವಾಗ ನವೆಂಬರಿನ ಒಂದು ಬೆಳಗ್ಗೆ ಕೊರ್ನೆಲ್ ಮಿಖಾಲ್ಕಾ ಟೋಪಿ ಕೈಯಲ್ಲಿ ಹಿಡಿದು ಅಂಗಳದ ಬಾಗಿಲಲ್ಲಿ ಬಂದು ನಿಂತ. ನನಗೆ ಮೈಯೆಲ್ಲ ಉರಿಯಿತು.

"ಏನಪ್ಪಾ, ನಮ್ಮ ಈ ಒಂದು ಗಂಟೇನೂ ಬೇಕಾ ನಿಮಗೆ?"

"ಇಲ್ಲ ಟೀಚರ್. ಕಲಿಯೋಕೆ ಬಂದೆ."

"ಏನನ್ನ?"

"ತಿರುಗೋದನ್ನ. ಎಡಕ್ಕೆ ಬರುತ್ತೆ. ಬಲಕ್ಕೆ ಬರಲ್ಲ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಇಪ್ಪತ್ತೊಂಬತ್ತರ ಗಂಡಸು, ಹತ್ತು ವರ್ಷದಿಂದ ಸಂಬಳ ತೆಗೆದುಕೊಂಡು ಆಡುವವನು. ರಕ್ಷಣೆಯಲ್ಲಿ ಅವನು ನಿಂತರೆ ಗೋಡೆ ನಿಂತ ಹಾಗೆ ಎಂದು ಊರೆಲ್ಲ ಹೊಗಳುತ್ತಿತ್ತು. ತೋರಿಸು ಎಂದೆ. ಎಡಕ್ಕೆ ತಿರುಗಿದ, ನೀರು ಕುಡಿದಷ್ಟು ಸಲೀಸಾಗಿ. ಬಲಕ್ಕೆ ತಿರುಗುವಾಗ ಮಾತ್ರ ಹೆಜ್ಜೆ ತಡವರಿಸಿತು, ಕೋಲು ಊರಿದ, ಕೆಸರು ದಾಟುವ ಮುದುಕನಂತೆ ಸುತ್ತಿ ಬಂದ.

ಅವನು ಕಣಿವೆಯ ಮೇಲಿನ ಹಳ್ಳಿಯವನು. ಹಳ್ಳಿಯ ಡೈರಿಯ ಹಿಂದೊಂದು ಕೊಳವಿತ್ತು. ಪಾತ್ರೆ ತೊಳೆದ ಬಿಸಿನೀರು ಅದರ ಬಲಮೂಲೆಗೆ ಬಂದು ಬೀಳುತ್ತಿದ್ದುದರಿಂದ ಎಂಥ ಚಳಿಗಾಲದಲ್ಲೂ ಅಲ್ಲಿ ಮಂಜು ಗಟ್ಟಿಯಾಗುತ್ತಿರಲಿಲ್ಲ. ಆ ಕಡೆ ಹೋದರೆ ಕಾಲು ಮುರಿಯುತ್ತೇನೆ ಎಂದು ಒಂದೊಂದು ಮನೆಯಲ್ಲೂ ಅಪ್ಪಂದಿರು ಗದರಿಸಿದ್ದರು. ಸ್ಕೇಟ್ಸ್ ಕಟ್ಟಿಕೊಂಡು ಜಾರುತ್ತ ಆ ತುದಿಗೆ ಬಂದ ಹುಡುಗರೆಲ್ಲ ಎಡಕ್ಕೇ ತಿರುಗುತ್ತಿದ್ದರು, ಸುತ್ತಿ ಬಂದು ಮತ್ತೆ ಎಡಕ್ಕೆ. ಅಲ್ಲಿ ಬೆಳೆದವರ ಮೈಗೆ ಬಲ ಎನ್ನುವ ದಿಕ್ಕೇ ಗೊತ್ತಿರಲಿಲ್ಲ. ಕೊರ್ನೆಲ್‌ಗೆ ಹದಿನಾಲ್ಕಾದಾಗ ನಮ್ಮೂರ ಕ್ಲಬ್ಬಿನವರು ಅವನ ಎತ್ತರ, ಭುಜ ನೋಡಿ ಕರೆದುಕೊಂಡರು. ತಿರುಗಿಸಿ ನೋಡುವ ಯೋಚನೆ ಯಾರಿಗೂ ಬರಲಿಲ್ಲ.

"ಸರಿ, ಹತ್ತು ವರ್ಷ ಹೇಗೆ ಆಡಿದೆ?" ಎಂದು ಕೇಳಿದೆ.

"ಬ್ಲಾಝೆಯ್ ಇದ್ದ."

ಬ್ಲಾಝೆಯ್ ಅವನ ಜೋಡಿ. ಕೊರ್ನೆಲ್ ಎಡಬದಿ ಕಾಯುತ್ತಿದ್ದ, ಬ್ಲಾಝೆಯ್ ಬಲಬದಿ. ಎದುರಾಳಿ ಅಂಗಳದ ಎಡ ಅಂಚಿನ ಹಲಗೆಯ ಪಕ್ಕದಲ್ಲಿ ನುಗ್ಗಿದರೆ ಕೊರ್ನೆಲ್ ಎಡಕ್ಕೆ ತಿರುಗಿ ಅವನನ್ನು ಅದಕ್ಕೆ ಒತ್ತುತ್ತಿದ್ದ. ನಡುವಿನಿಂದ ನುಗ್ಗಿದರೆ ಕೊರ್ನೆಲ್ ಬಲಕ್ಕೆ ತಿರುಗಬೇಕು, ಅಷ್ಟರಲ್ಲಿ ಬ್ಲಾಝೆಯ್ ಬಂದು ನಿಂತಿರುತ್ತಿದ್ದ. ಈ ವಿಷಯ ಇಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲವಂತೆ. ಆ ಬೇಸಿಗೆಯಲ್ಲಿ ಮಂಡಿ ಕೈಕೊಟ್ಟು ಬ್ಲಾಝೆಯ್ ಆಟ ಬಿಟ್ಟ. ಅಕ್ಟೋಬರಿನಲ್ಲಿ ಎದುರಾಳಿಗಳೆಲ್ಲ ನಡುವಿನಿಂದಲೇ ನುಗ್ಗತೊಡಗಿದರು. ಗೋಡೆಯಲ್ಲಿ ಬಿರುಕಿದೆ ಎಂದು ಕಣಿವೆಗೆಲ್ಲ ಗೊತ್ತಾಯಿತು. ಹೊಸ ತರಬೇತುದಾರ ಓಟಕಾರ್ ಅವನನ್ನು ಬೆಂಚಿನಲ್ಲಿ ಕೂರಿಸಿ ಕಡ್ಡಿ ಮುರಿದಂತೆ ಹೇಳಿದ್ದ: "ನೀನು ಒಳ್ಳೆಯವನಪ್ಪ. ಆದ್ರೆ ಅರ್ಧ ಆಟಗಾರನ್ನ ಇಟ್ಕೊಂಡು ನಾನೇನು ಮಾಡ್ಲಿ? ಚಳಿಗಾಲ ಮುಗಿಯೋದ್ರೊಳಗೆ ತಿರುಗಿದ್ಯೋ, ಸರಿ. ಇಲ್ಲಾಂದ್ರೆ ಸ್ಕೇಟ್ಸ್ ಬಿಚ್ಚಿಡು."

ಸ್ಕೇಟ್ಸ್ ಬಿಚ್ಚಿಟ್ಟರೆ ಕೊರ್ನೆಲ್‌ಗೆ ಬೇರೇನೂ ಬರುತ್ತಿರಲಿಲ್ಲ. ಅದನ್ನೂ ಅವನೇ ಹೇಳಿದ, ಕಣ್ಣು ತಗ್ಗಿಸದೆ.

"ಆ ಕೋಲು ಹೊರಗಿಟ್ಟು ಬಾ," ಅಂದೆ.

"ಕೋಲಿಲ್ದೆ ಐಸ್ ಮೇಲೆ ನಿಂತು ಅಭ್ಯಾಸ ಇಲ್ಲ ಟೀಚರ್."

"ಗೊತ್ತು. ಅದಕ್ಕೇ."

ಹೀಗೆ ಆರೇಳು ವರ್ಷದ ಹೆಣ್ಣುಮಕ್ಕಳ ಸಾಲಿನ ಕೊನೆಯಲ್ಲಿ ಈ ಬೆಟ್ಟದಂಥ ಗಂಡಸು ಬಂದು ಸೇರಿದ. ದಿನಕ್ಕೆ ಎಷ್ಟು ಸಲ ಬೀಳುತ್ತಿದ್ದನೋ ದೇವರಿಗೇ ಗೊತ್ತು. ಬಿದ್ದಾಗಲೆಲ್ಲ ಮಕ್ಕಳು "ಟೀಚರ್, ಕೊರ್ನೆಲ್ ಮಾವ ಮತ್ತೆ ಬಿದ್ರು!" ಎಂದು ಕೂಗಿ ವರದಿ ಒಪ್ಪಿಸುತ್ತಿದ್ದರು. ನಾನು ಫೀಸು ಬೇಡ ಎಂದಿದ್ದಕ್ಕೆ ಕೊರ್ನೆಲ್‌ನ ಅಮ್ಮ ಹೊಗೆ ಹಾಕಿದ ಕುರಿಹಾಲಿನ ಚೀಸ್ ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಅದನ್ನು ತಿಂದು ತಿಂದು ಸಾಕಾಗಿಹೋಯಿತು.

ತಂಡದ ಹುಡುಗರು ಸುಮ್ಮನಿರುತ್ತಾರೆಯೇ? ಅವನ ಕಪಾಟಿಗೆ ಗುಲಾಬಿ ಬಣ್ಣದ ಜಾಲರಿ ಲಂಗ ತಂದು ನೇತುಹಾಕಿದರು. ಮರುದಿನ ಕೊರ್ನೆಲ್ ಅದನ್ನು ಮಡಿಸಿ ತಂದು ನನ್ನ ಕೈಗಿತ್ತ.

"ಹುಡುಗರು ಉಡುಗೊರೆ ಕೊಟ್ರು. ನನಗೆ ಸೊಂಟದ ಹತ್ರ ಸ್ವಲ್ಪ ಬಿಗಿ. ಮಕ್ಕಳಲ್ಲಿ ಯಾರಿಗಾದ್ರೂ ಆಗುತ್ತಾ ನೋಡಿ."

ಕಾಲು ಕಲಿಯುತ್ತಿತ್ತು, ಭುಜ ಬಿಡುತ್ತಿರಲಿಲ್ಲ. ಪ್ರತಿ ಸಲವೂ ಬಲಕ್ಕೆ ಹೊರಳುವ ಕ್ಷಣಕ್ಕೆ ತಲೆ ತಗ್ಗುತ್ತಿತ್ತು, ಭುಜ ಹಿಂದೆ ಎಳೆಯುತ್ತಿತ್ತು. ಒಂದು ದಿನ ತಾಳ್ಮೆಗೆಟ್ಟು ಕಿರುಚಿದೆ.

"ಅಲ್ಲ ಮಾರಾಯ, ನೆಲದಲ್ಲಿ ಏನು ಹುಡುಕ್ತಿದ್ದೀಯ?"

"ಐಸ್ ಗಟ್ಟಿ ಇದೆಯೋ ಇಲ್ವೋ ಅಂತ," ಅಂದ. ಅಂದವನೇ ಬೆಚ್ಚಿ ನನ್ನ ಮುಖ ನೋಡಿದ.

"ಕೆಳಗೆ ಕಾಂಕ್ರೀಟ್ ಇದೆ ಕಣೋ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವನು ಹಲಗೆಗೆ ಒರಗಿ ಸ್ಕೇಟಿನ ಅಂಚಿನಿಂದ ಐಸನ್ನು ಕೆರೆದು ನೋಡಿದ. ನನಗೆ ಅವನ ಮೇಲೆ ಎಷ್ಟು ಮರುಕ ಬಂತೆಂದರೆ, ಬೈದಿದ್ದೆಲ್ಲ ಬಾಯಿಗೆ ವಾಪಸು ಬಂದಿದ್ದರೆ ನುಂಗಿಬಿಡುತ್ತಿದ್ದೆ.

ಕಾರಣ ಗೊತ್ತಾದ ಮಾತ್ರಕ್ಕೆ ಮೈ ಕೇಳುವುದಿಲ್ಲ. ಜನವರಿ ಕಳೆಯಿತು. ನಿಧಾನಕ್ಕೆ ತಿರುಗುವುದು ಬಂತು. ಆಟದ ವೇಗಕ್ಕೆ ತಿರುಗಿದರೆ ಒಮ್ಮೆ ನಿಲ್ಲುತ್ತಿದ್ದ, ಒಮ್ಮೆ ಮಗುಚುತ್ತಿದ್ದ. ಬಿದ್ದು ಬಿದ್ದು ಅವನ ಸೊಂಟ ನೀಲಿಗಟ್ಟಿತ್ತು. ಒಂದು ಬೆಳಗ್ಗೆ ನಾನೇ ಸೋತು, "ಸಾಕು ಬಿಡಪ್ಪಾ, ಈ ವಯಸ್ಸಿಗೆ ಇಷ್ಟು ಬಂದಿದ್ದೇ ಹೆಚ್ಚು," ಎಂದೆ.

"ನೀವು ಬೇಕಾದ್ರೆ ಬಿಡಿ ಟೀಚರ್. ನಾನು ಬಿಡಲ್ಲ."

ಆ ಮಾತಿಗೆ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಮತ್ತೊಂದು ಗಂಟೆ ಕಲಿಸಿದೆ.

ಫೆಬ್ರವರಿ ಕೊನೆಗೆ ಓಟಕಾರ್ ಒಂದು ಬೆಳಗ್ಗೆ ನಿಂಬೆ ಹಿಂಡಿದ ಚಹಾದ ಲೋಟ ಹಿಡಿದು ಬಂದ. ಹಲಗೆಗೆ ಮೊಳಕೈ ಊರಿ ಬಹಳ ಹೊತ್ತು ನೋಡಿದ. ಕೊರ್ನೆಲ್ ವೇಗವಾಗಿ ಬಂದು ತಿರುಗಿ ನಿಂತ, ಮತ್ತೆ ಬಂದು ತಿರುಗಿ ಬಿದ್ದ.

"ಮ್ಯಾಚಿನಲ್ಲಿ ಹೀಗೇ ಬಿದ್ರೆ?" ಎಂದ ಓಟಕಾರ್.

"ಬಿದ್ರೆ ಬಿದ್ದೆ. ಆದ್ರೆ ಬಲಕ್ಕೇ ಬೀಳ್ತೀನಿ. ದಾರಿಗೆ ಅಡ್ಡ ಆದ್ರೂ ಇರ್ತೀನಲ್ಲ."

ಓಟಕಾರ್ ಚಹಾ ಮುಗಿಸಿ ಹೋದ. ಸಂಜೆಯ ತಂಡದಲ್ಲಿ ಕೊರ್ನೆಲ್ ಹೆಸರಿತ್ತು.

ನದಿಯ ಕೆಳಗಿನ ಊರಿನವರ ಮೇಲೆ ಪಂದ್ಯಗಳ ಸರಣಿ ನಡೆದಿತ್ತು. ಎರಡು ತಂಡಗಳೂ ಸಮಸಮ ಗೆದ್ದು, ಅಂದು ಸಂಜೆಯದೇ ಕೊನೆಯ ಪಂದ್ಯ. ಸೋತರೆ ಆ ವರ್ಷದ ಆಟ ಮುಗಿಯಿತು, ಕೊರ್ನೆಲ್‌ನ ಕರಾರೂ ಮುಗಿಯಿತು. ಜನ್ಮದಲ್ಲಿ ಮೊದಲ ಸಲ ನಾನು ಹಾಕಿಗೆ ಟಿಕೆಟ್ ಕೊಂಡೆ. ಪಕ್ಕದಲ್ಲಿ ಒಬ್ಬ ದಪ್ಪ ಮೀಸೆಯವನು ಸಾಸಿವೆ ಹಚ್ಚಿದ ಸಾಸೇಜ್ ತಿನ್ನುತ್ತ ರೆಫರಿಯ ವಂಶಾವಳಿಯನ್ನೆಲ್ಲ ಉದ್ಧಾರ ಮಾಡುತ್ತಿದ್ದ.

ಕೊನೆಯ ಭಾಗ, ನಾವು ಒಂದು ಗೋಲು ಮುಂದೆ. ಅವರ ಅತಿ ವೇಗದ ಹುಡುಗ ರಬ್ಬರಿನ ಬಿಲ್ಲೆಯನ್ನು ಕೋಲಿಗೆ ಅಂಟಿಸಿಕೊಂಡು ಒಬ್ಬನೇ ಬಂದ. ಕೊರ್ನೆಲ್ ಅವನಿಗೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಜಾರುತ್ತಿದ್ದ. ಹುಡುಗನಿಗೆ ಬಿರುಕು ಎಲ್ಲಿದೆ ಎಂದು ಗೊತ್ತಿತ್ತು, ಹಲಗೆಯ ಕಡೆ ಹೋಗುವಂತೆ ನಟಿಸಿ ಥಟ್ಟನೆ ನಡುವಿಗೆ ನುಗ್ಗಿದ. ಕೊರ್ನೆಲ್ ತಲೆ ತಗ್ಗಿಸಲಿಲ್ಲ. ಸೊಂಟ ಹೊರಳಿತು, ಭುಜ ಹಿಂದೆಯೇ ಬಂತು, ಅವನು ಬಲಕ್ಕೆ ತಿರುಗಿ ಹುಡುಗನ ಪಕ್ಕದಲ್ಲೇ ಇದ್ದ. ಕೋಲಿನ ತುದಿ ತಾಗಿ ಬಿಲ್ಲೆ ಮೂಲೆಗೆ ಹೋಯಿತು. ಆಟ ಅತ್ತ ಸಾಗಿತು.

ನಾನು ಎದ್ದು ನಿಂತು ಬಿಕ್ಕಿ ಬಿಕ್ಕಿ ಅತ್ತೆ.

"ಯಾಕಮ್ಮಾ, ಏನಾಯ್ತು?" ಮೀಸೆಯವನಿಗೆ ಗಾಬರಿ.

"ಕೊರ್ನೆಲ್ ತಿರುಗಿದ!"

ಅವನು ಅಂಗಳವನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. "ಅದಕ್ಕೆ ಅಳೋದಾ? ಆಟಗಾರ ಅಂದ್ಮೇಲೆ ತಿರುಗ್ದೆ ಇರ್ತಾನಾ?"

ಗೆದ್ದೆವು. ಕೊರ್ನೆಲ್ ಅದಾದ ಮೇಲೆ ಇನ್ನೂ ಹತ್ತು ವರ್ಷ ಆಡಿದ. ಆದರೆ ಆ ಸಂಜೆ ಊರು ಹೆಗಲ ಮೇಲೆ ಹೊತ್ತು ಮೆರೆಸಿದ್ದು ಗೋಲು ಹೊಡೆದ ಹುಡುಗನನ್ನು. ಕೊರ್ನೆಲ್ ಒಬ್ಬನೇ ಚೀಲ ಹೊತ್ತು ಹಿಂಬಾಗಿಲಿನಿಂದ ಬಂದ. ನನಗೆ ತಡೆಯಲಾಗಲಿಲ್ಲ.

"ಏನು ಜನಾನೋ! ನೀನು ತಿರುಗಿದ್ದು ಒಬ್ಬರಿಗೂ ಗೊತ್ತಾಗ್ಲಿಲ್ಲ ಕಣೋ!"

"ಒಬ್ಬರಿಗೂ?" ಅವನ ಮುಖ ಅರಳಿತು.

"ಒಬ್ಬರಿಗೂ."

ಮುಂದಿನ ಎರಡು ಹಲ್ಲಿಲ್ಲದ ಬಾಯಿ ತೆರೆದು ಮನಸಾರೆ ನಕ್ಕ. "ಹಾಗಾದ್ರೆ ಬಲಕ್ಕೂ ಬಂತು ಟೀಚರ್."